ಡಯಾಲಿಸಿಸ್‌ನಲ್ಲಿರುವವರಿಗೆ ಸೋಂಕು ತಗುಲದಂತೆ ನೋಡಿಕೊಳ್ಳುವುದು ಹೇಗೆ? ರೋಗಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಡಯಾಲಿಸಿಸ್ ಶುರುವಾದ ಮನೆಯಲ್ಲಿ ಎಲ್ಲರ ಗಮನ ಮೂರು ಲೆಕ್ಕದ ಮೇಲಿರುತ್ತದೆ. ಕ್ರಿಯಾಟಿನಿನ್ ಎಷ್ಟು ಬಂತು, ಪೊಟ್ಯಾಷಿಯಂ ಎಷ್ಟಿದೆ, ದಿನಕ್ಕೆ ಎಷ್ಟು ನೀರು ಕುಡಿಯಬಹುದು. ಸೋಂಕಿನ ಮಾತು ಬರುವುದು ಯಾವುದೋ ಒಂದು ದಿನ ಚಳಿಜ್ವರ ಬಂದು ಐಸಿಯು ಸೇರಿದ ಮೇಲೇ. ಆದರೆ ಡಯಾಲಿಸಿಸ್‌ನಲ್ಲಿರುವವರ ಸಾವಿಗೆ ಹೃದಯದ ಕಾಯಿಲೆ ಬಿಟ್ಟರೆ ಮುಂದಿನ ದೊಡ್ಡ ಕಾರಣ ಸೋಂಕು.

ಇವುಗಳಲ್ಲಿ ಎಷ್ಟೋ ಸೋಂಕುಗಳನ್ನು ತಡೆಯಬಹುದು. ಅದಕ್ಕೆ ದುಬಾರಿ ಔಷಧಿಯೇ ಬೇಕು ಅಂತಿಲ್ಲ. ಏನನ್ನು ಗಮನಿಸಬೇಕು, ಯಾವಾಗ ಯಾರನ್ನು ಏನು ಕೇಳಬೇಕು ಅನ್ನುವುದು ಗೊತ್ತಿರಬೇಕು. ಈ ಲೇಖನ ಬರೆದಿರುವುದು ಅದಕ್ಕೇ. ಹೆಚ್ಚಿನ ಮಾತು ಆಸ್ಪತ್ರೆಯಲ್ಲಿ ಮೆಷಿನ್ ಮೇಲೆ ಮಾಡುವ ಹಿಮೋಡಯಾಲಿಸಿಸ್ ಬಗ್ಗೆ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಬಗ್ಗೆ ಕೊನೆಯ ಕಡೆ ಹೇಳಿದ್ದೇನೆ. ನಿಮ್ಮ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರು, ಹೇಳಿದ್ದೇ ಅಂತಿಮ. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಹೊಳೆಯದೆ ಎದ್ದು ಬರುವಂತಾಗಬಾರದು, ಅಷ್ಟೇ.

ಮೊದಲು ಇದು ಗೊತ್ತಿರಲಿ: ಬಿಳಿ ರಕ್ತಕಣಗಳಿಗೆ ಏನಾಗುತ್ತದೆ?

ರಿಪೋರ್ಟ್ ನೋಡಿ "ಡಬ್ಲ್ಯೂಬಿಸಿ ನಾರ್ಮಲ್ ಇದೆ, ಇನ್ನೇನು ಭಯ ಇಲ್ಲ" ಅಂದುಕೊಳ್ಳುವವರೇ ಜಾಸ್ತಿ. ಕಿಡ್ನಿ ಕೆಟ್ಟವರಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಬಹಳ ಸಲ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಅವುಗಳ ಕೆಲಸ.

ನ್ಯೂಟ್ರೋಫಿಲ್‌ಗಳನ್ನೇ ನೋಡಿ. ಬ್ಯಾಕ್ಟೀರಿಯಾ ಎಲ್ಲಿ ನುಗ್ಗಿದರೂ ಮೊದಲು ಅಲ್ಲಿಗೆ ಓಡುವ ಕಣಗಳು ಇವು. ಬ್ಯಾಕ್ಟೀರಿಯಾವನ್ನು ನುಂಗಿ ಒಳಗೇ ಕೊಲ್ಲುತ್ತವೆ. ಕಿಡ್ನಿ ಹೊರಹಾಕಬೇಕಿದ್ದ ಕಸ ರಕ್ತದಲ್ಲೇ ಉಳಿದಾಗ ಇವು ನುಂಗುವುದೂ ಕಡಿಮೆ, ಕೊಲ್ಲುವುದೂ ಕಡಿಮೆ. ಆಯಸ್ಸು ಮುಗಿಯುವ ಮೊದಲೇ ಸಾಯುತ್ತವೆ ಕೂಡ. ಪಿ-ಕ್ರೆಸೈಲ್ ಸಲ್ಫೇಟ್, ಇಂಡಾಕ್ಸಿಲ್ ಸಲ್ಫೇಟ್ ಎಂಬ ವಿಷವಸ್ತುಗಳು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಫಿಲ್ಟರಿನ ಮೂಲಕ ಅವು ಸುಲಭವಾಗಿ ಹೊರಗೆ ಹೋಗುವುದಿಲ್ಲ. ಹಾಗಾಗಿ ಡಯಾಲಿಸಿಸ್ ಚೆನ್ನಾಗಿ ನಡೆಯುತ್ತಿದ್ದರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ.

ಬಿಳಿ ರಕ್ತಕಣಗಳಲ್ಲೇ ಇನ್ನೊಂದು ಜಾತಿಯಾದ ಟಿ ಸೆಲ್‌ಗಳ ಕಥೆ ಬೇರೆ. ಹೊಸ ರೋಗಾಣು ಬಂದಾಗ ಅದನ್ನು ಎದುರಿಸಲು ಇನ್ನೂ ಯಾವ ಕಾಯಿಲೆಯನ್ನೂ ಕಂಡಿರದ ಹೊಸ ಟಿ ಸೆಲ್‌ಗಳು ಬೇಕು. ಅವು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ತಯಾರಾಗುತ್ತವೆ. ಕಿಡ್ನಿ ಕೆಟ್ಟವರಲ್ಲಿ ಈ ತಯಾರಿ ಕುಗ್ಗುತ್ತದೆ. ಉಳಿದಿರುವುದು ಹಳೆಯ, ದಣಿದ ಟಿ ಸೆಲ್‌ಗಳು. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮಿನ ಸಂಶೋಧಕರು ಇದನ್ನು ಅಳೆದು ನೋಡಿದರು. ಇಂಥವರ ಟಿ ಸೆಲ್‌ಗಳು ಅವರ ನಿಜವಾದ ವಯಸ್ಸಿಗಿಂತ ಸುಮಾರು 20 ವರ್ಷ ಮುದಿಯಾದಂತೆ ಕಂಡವು. ಅಂದರೆ 45ರ ರೋಗಿಯ ರಕ್ಷಣಾ ವ್ಯವಸ್ಥೆ 65ರವರದ್ದರಂತೆ ಕೆಲಸ ಮಾಡುತ್ತಿರಬಹುದು. ರೋಗಾಣುವಿನ ಗುರುತನ್ನು ಟಿ ಸೆಲ್‌ಗಳಿಗೆ ತೋರಿಸಿಕೊಡುವ ಡೆಂಡ್ರಿಟಿಕ್ ಸೆಲ್‌ಗಳೂ ಕಡಿಮೆಯಾಗುತ್ತವೆ. ಆ್ಯಂಟಿಬಾಡಿ ತಯಾರಿಸುವ ಬಿ ಸೆಲ್‌ಗಳೂ ಕಡಿಮೆಯಾಗುತ್ತವೆ.

ವಿಚಿತ್ರ ಏನೆಂದರೆ, ಇದೇ ಹೊತ್ತಿಗೆ ದೇಹದಲ್ಲಿ ಉರಿಯೂತ ಮಾತ್ರ ಸದಾ ನಡೆಯುತ್ತಲೇ ಇರುತ್ತದೆ. ಮಾನೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಉರಿಯೂತ ಹೆಚ್ಚಿಸುವ ಜಾತಿಯವು ಜಾಸ್ತಿಯಾಗುತ್ತವೆ. ಸಿಆರ್‌ಪಿ ಎಂಬ ಉರಿಯೂತದ ಅಳತೆ ಸೋಂಕಿಲ್ಲದಾಗಲೂ ಸ್ವಲ್ಪ ಮೇಲೇ ಇರುತ್ತದೆ. ಸ್ಟ್ಯಾಂಡಿನಲ್ಲಿ ನಿಂತೇ ಇಂಜಿನ್ ಓಡಿಸುತ್ತಿರುವ ಬಸ್ಸಿನ ಹಾಗೆ: ಡೀಸೆಲ್ ಖರ್ಚಾಗುತ್ತದೆ, ಊರು ಮಾತ್ರ ಮುಟ್ಟುವುದಿಲ್ಲ.

ಮೆಷಿನ್ನಿನ ಪಾಲೂ ಸ್ವಲ್ಪ ಇದೆ. ರಕ್ತ ಫಿಲ್ಟರಿಗೆ ತಾಗಿದ ಕೂಡಲೇ ದೇಹ ಅದನ್ನು ಹೊರಗಿನ ವಸ್ತು ಅಂತ ಗುರುತಿಸುತ್ತದೆ. ಹಳೆಯ ಸೆಲ್ಯುಲೋಸ್ ಫಿಲ್ಟರ್‌ಗಳ ಕಾಲದಲ್ಲಿ ಡಯಾಲಿಸಿಸ್ ಶುರುವಾದ ಮೊದಲ ನಿಮಿಷಗಳಲ್ಲೇ ನ್ಯೂಟ್ರೋಫಿಲ್‌ಗಳ ಸಂಖ್ಯೆ ದಢಕ್ಕನೆ ಬೀಳುತ್ತಿತ್ತು. ಇದನ್ನು ವೈದ್ಯರು 1968ರಲ್ಲೇ ವರದಿ ಮಾಡಿದ್ದರು. ಆ ಕಣಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬರುತ್ತಿದ್ದವು. ಈಗಿನ ಪಾಲಿಸಲ್ಫೋನ್ ಫಿಲ್ಟರ್‌ಗಳಲ್ಲಿ ಈ ಕಾಟ ಬಹಳ ಕಡಿಮೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಇದರಿಂದ ಮೂರು ಪರಿಣಾಮ ಆಗುತ್ತದೆ. ಒಳಗೆ ಬಂದ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ದೊಡ್ಡ ಸೋಂಕು ಇದ್ದರೂ ಜ್ವರ ಜೋರಾಗಿ ಬರದೇ ಇರಬಹುದು. ಮುಂದಿನ ಹೆಜ್ಜೆಗಳೆಲ್ಲ ಈ ಮೂರರಿಂದಲೇ ಹುಟ್ಟಿದ್ದು.

ಹೆಜ್ಜೆ 1: ಕತ್ತಿನ ಪೈಪಿನಿಂದ ಆದಷ್ಟು ಬೇಗ ಕೈಯ ಫಿಸ್ಟುಲಾಗೆ ಬನ್ನಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ರಕ್ತಕ್ಕೆ ಸೋಂಕು ಸೇರುವ ಅಪಾಯ ಅತಿ ಹೆಚ್ಚು ಇರುವುದು ಕತ್ತಿನ ಪೈಪಿನಲ್ಲಿ, ಅಂದರೆ ಕ್ಯಾತೆಟರ್‌ನಲ್ಲಿ. ಅದಕ್ಕಿಂತ ಕಡಿಮೆ ಕೃತಕ ಕೊಳವೆಯಿಂದ ರಕ್ತನಾಳಗಳನ್ನು ಜೋಡಿಸುವ ಗ್ರಾಫ್ಟ್‌ನಲ್ಲಿ. ಎಲ್ಲಕ್ಕಿಂತ ಕಡಿಮೆ ಫಿಸ್ಟುಲಾದಲ್ಲಿ. ಕ್ಯಾತೆಟರ್‌ನ ಒಂದು ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ, ಇನ್ನೊಂದು ತುದಿ ಚರ್ಮದ ಹೊರಗೆ. ಬ್ಯಾಕ್ಟೀರಿಯಾಗೆ ಇದಕ್ಕಿಂತ ನೇರ ದಾರಿ ಇನ್ನೊಂದಿಲ್ಲ.

ಫಿಸ್ಟುಲಾ ಅಂದರೆ ಕೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಹೊಲಿಯುವುದು. ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೋ ಮತ್ತು ಅವರ ಜೊತೆಗಾರರು 1966ರಲ್ಲಿ ಇದನ್ನು ಪ್ರಕಟಿಸಿದರು. ಸೋಂಕಿನ ವಿಷಯದಲ್ಲಿ ಇವತ್ತಿಗೂ ಇದನ್ನು ಮೀರಿಸಿದ್ದು ಬಂದಿಲ್ಲ. ಹೊರಗೆ ಪ್ಲಾಸ್ಟಿಕ್ ಇಲ್ಲ, ಎಲ್ಲ ನಮ್ಮದೇ ರಕ್ತನಾಳ.

ತೊಂದರೆ ಏನೆಂದರೆ ಆಪರೇಷನ್ ಆದ ಮರುದಿನವೇ ಅದನ್ನು ಬಳಸಲು ಆಗುವುದಿಲ್ಲ. ನರ ದಪ್ಪವಾಗಿ ಸೂಜಿ ತಡೆಯುವಂತಾಗಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆದ್ದರಿಂದ "ಇನ್ನೊಂದೆರಡು ತಿಂಗಳು ನೋಡೋಣ" ಅಂತ ಮುಂದೂಡಿದಷ್ಟೂ ಕತ್ತಿನಲ್ಲಿ ಪೈಪು ಉಳಿಯುತ್ತದೆ. ಡಾಕ್ಟರು "ಇನ್ನು ಸ್ವಲ್ಪ ದಿನದಲ್ಲಿ ಡಯಾಲಿಸಿಸ್ ಬೇಕಾಗಬಹುದು" ಅಂದ ದಿನವೇ ಫಿಸ್ಟುಲಾ ಬಗ್ಗೆ ಕೇಳಿ. ಈಗಾಗಲೇ ಪೈಪಿನಲ್ಲಿ ಡಯಾಲಿಸಿಸ್ ನಡೆಯುತ್ತಿದ್ದರೆ ಮುಂದಿನ ಭೇಟಿಯಲ್ಲೇ ಕೇಳಿ: ಡಾಪ್ಲರ್ ಸ್ಕ್ಯಾನ್ ಮಾಡಿಸಿ ನರ ನೋಡಬಹುದಾ, ಯಾವ ಕೈ, ಯಾವ ದಿನ?

ಪೈಪಿನಲ್ಲಿ ಚುಚ್ಚುವ ನೋವಿಲ್ಲ ಅಂತ ಅದನ್ನೇ ಬಯಸುವವರು ತುಂಬಾ ಜನ. ಆ ದಪ್ಪ ಸೂಜಿ ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಆದರೂ ಇಲ್ಲಿ ನೋವಿಗೆ ಹೆದರಿ ಜೀವದ ಜೊತೆ ಪಣಕ್ಕಿಳಿಯಬಾರದು. ಸೂಜಿ ಹಾಕುವ ಜಾಗಕ್ಕೆ ಮರಗಟ್ಟಿಸುವ ಕ್ರೀಮ್ ಸಿಗುತ್ತದೆ, ಕೇಳಿ ನೋಡಿ.

ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಾದಾಗಿನಿಂದಲೇ ಬರೆಯದ ಕೈಯನ್ನು, ಬಲಗೈಯವರಾದರೆ ಎಡಗೈಯನ್ನು, ಕಾಪಾಡಿ. ಆ ಕೈಗೆ ಡ್ರಿಪ್ ಬೇಡ, ರಕ್ತ ತೆಗೆಯುವುದು ಬೇಡ. ಲ್ಯಾಬಿನವರು ಸುಲಭ ಅಂತ ಅದೇ ಕೈ ಹಿಡಿಯುತ್ತಾರೆ. ನೀವೇ ಬಾಯಿ ಬಿಟ್ಟು ಹೇಳಬೇಕು.

ಹೆಜ್ಜೆ 2: ಪೈಪು ಇರುವಷ್ಟು ದಿನ ಅದನ್ನು ಹೀಗೆ ನೋಡಿಕೊಳ್ಳಿ

ಕೆಲವರಿಗೆ ಫಿಸ್ಟುಲಾ ಆಗುವುದೇ ಇಲ್ಲ. ಉಳಿದವರೂ ಒಂದಷ್ಟು ವಾರ ಪೈಪಿನಲ್ಲೇ ಇರಬೇಕಾಗುತ್ತದೆ. ಕತ್ತಿನ ತಾತ್ಕಾಲಿಕ ಕ್ಯಾತೆಟರ್ ಇರುವುದು ಕೆಲವೇ ದಿನಗಳಿಗೆ. ಅದಕ್ಕಿಂತ ಜಾಸ್ತಿ ಬೇಕಾದರೆ ಚರ್ಮದ ಕೆಳಗೆ ಸುರಂಗ ಮಾಡಿ ಹಾಕುವ ಪರ್ಮ್‌ಕ್ಯಾತ್ ಸುರಕ್ಷಿತ. ತೊಡೆಸಂದಿಯದ್ದು ಇನ್ನೂ ಬೇಗ ತೆಗೆಯಬೇಕಾದದ್ದು.

ಸೋಂಕು ಒಳಗೆ ಹೋಗುವುದು ಹೆಚ್ಚಾಗಿ ಪೈಪನ್ನು ಮೆಷಿನ್ನಿಗೆ ಜೋಡಿಸುವ, ಬಿಚ್ಚುವ ಆ ಒಂದೆರಡು ನಿಮಿಷದಲ್ಲಿ. ಆ ಹೊತ್ತಿನಲ್ಲಿ ಏನು ನಡೆಯಬೇಕು ಅನ್ನುವುದನ್ನು ಒಂದು ಸಲ ಗಮನ ಕೊಟ್ಟು ನೋಡಿ.

ಸಿಸ್ಟರ್ ಅಥವಾ ಟೆಕ್ನೀಷಿಯನ್ ಕೈ ತೊಳೆಯುತ್ತಾರೆ ಇಲ್ಲವೇ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತಾರೆ. ಹೊಸ ಗ್ಲೌಸ್ ಹಾಕಿಕೊಳ್ಳುತ್ತಾರೆ. ಪಕ್ಕದ ಬೆಡ್ಡಿನವರನ್ನು ಮುಟ್ಟಿದ ಗ್ಲೌಸಿನಲ್ಲೇ ಬರುವಂತಿಲ್ಲ. ಅವರ ಮೂಗು, ಬಾಯಿ ಮುಚ್ಚುವಂತೆ ಮಾಸ್ಕ್ ಇರಬೇಕು, ನಿಮಗೂ ಇರಬೇಕು. ನೀವು ಮುಖವನ್ನು ಪೈಪಿನ ಎದುರು ಬದಿಗೆ ತಿರುಗಿಸಿಕೊಳ್ಳಬೇಕು. ಯಾಕೆಂದರೆ ಈ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲಿ ಬಲು ಕೆಟ್ಟದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್. ಅದು ಎಷ್ಟೋ ಜನರ ಮೂಗಿನಲ್ಲೂ ಚರ್ಮದ ಮೇಲೂ ಸುಮ್ನೆ ಕೂತಿರುತ್ತದೆ. ಕ್ಯಾಪ್ ಬಿಚ್ಚಿದ ಮೇಲೆ ಪೈಪಿನ ಬಾಯಿಯನ್ನು, ಅದರ ಸುತ್ತಿನ ತಿರುಪಿನ ಗೀರುಗಳನ್ನೂ ಸೇರಿಸಿ, ಆಲ್ಕೋಹಾಲ್ ಅಥವಾ ಕ್ಲೋರ್‌ಹೆಕ್ಸಿಡಿನ್ ಪ್ಯಾಡಿನಿಂದ 15 ಸೆಕೆಂಡ್ ಗಟ್ಟಿಯಾಗಿ ಉಜ್ಜಬೇಕು. ಆಮೇಲೆ ಒಣಗಲು ಬಿಡಬೇಕು. ಒದ್ದೆಯಲ್ಲೇ ಜೋಡಿಸಿದರೆ ಉಜ್ಜಿದ್ದರ ಪೂರ್ತಿ ಲಾಭ ಸಿಗುವುದಿಲ್ಲ. ಬಿಚ್ಚಿದ ಬಾಯಿಯನ್ನು ಹಾಗೇ ತೆರೆದಿಟ್ಟು ಫೋನ್ ತೆಗೆಯುವಂತಿಲ್ಲ. ಡ್ರೆಸ್ಸಿಂಗ್ ಬದಲಾಯಿಸುವಾಗ ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಒಣಗಿಸಿ, ಅವರು ಬಳಸುವ ಆ್ಯಂಟಿಬಯೋಟಿಕ್ ಮುಲಾಮು ಹಾಕಿ ಮುಚ್ಚುತ್ತಾರೆ.

ಬೆಳಗಿನ ಶಿಫ್ಟಿನ ಗಡಿಬಿಡಿಯಲ್ಲಿ ಇದರಲ್ಲಿ ಒಂದೆರಡು ತಪ್ಪಿಹೋಗುವುದುಂಟು. ಅವರೂ ಮನುಷ್ಯರೇ, ಒಬ್ಬರೇ ನಾಲ್ಕು ಬೆಡ್ ನೋಡುತ್ತಿರುತ್ತಾರೆ. ಕೇಳಲು ಹಿಂಜರಿಯಬೇಡಿ. "ಸಿಸ್ಟರ್, ಹೊಸ ಗ್ಲೌಸ್ ಹಾಕ್ಕೊಳ್ತೀರಾ? ನಂಗೂ ಒಂದು ಮಾಸ್ಕ್ ಕೊಡಿ" ಅಂದರೆ ಸಾಕು. ಜಗಳದ ದನಿ ಬೇಡ. ರೋಗಿ ಗಮನಿಸುತ್ತಾರೆ ಅಂತ ಗೊತ್ತಾದ ಬೆಡ್ಡಿನಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ.

ಮನೆಯಲ್ಲಿ ಮುಖ್ಯವಾದದ್ದು ನೀರು. ಪೈಪು ಹೊರಬರುವ ಜಾಗ ಒದ್ದೆಯಾಗಬಾರದು. ಕತ್ತಿನ ಕೆಳಗೆ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳಿ, ಸೊಂಟದ ಕೆಳಗೆ ನೀರು ಹಾಕಿಕೊಳ್ಳಬಹುದು. ತಲೆ ತೊಳೆಯಲು ಇನ್ನೊಬ್ಬರ ಸಹಾಯ ತೆಗೆದುಕೊಂಡು ತಲೆ ಹಿಂದಕ್ಕೆ ಬಾಗಿಸಿ ತೊಳೆಯಿರಿ. ಯುಗಾದಿ, ದೀಪಾವಳಿ ಬಂದಾಗ ಎಣ್ಣೆಸ್ನಾನ ಮಾಡಿಸಲೇಬೇಕು ಅಂತ ಮನೆಯ ಹಿರಿಯರು ಹಟ ಮಾಡುತ್ತಾರೆ. ಆ ವರ್ಷ ಬಿಡಿ, ದೇವರು ಮುನಿಸಿಕೊಳ್ಳುವುದಿಲ್ಲ. ಡ್ರೆಸ್ಸಿಂಗ್ ಒದ್ದೆಯಾದರೆ, ಬಿಚ್ಚಿಕೊಂಡರೆ ಮುಂದಿನ ಡಯಾಲಿಸಿಸ್ ತನಕ ಕಾಯದೆ ಅದೇ ದಿನ ಸೆಂಟರಿಗೆ ಹೋಗಿ ಬದಲಾಯಿಸಿಕೊಳ್ಳಿ.

ತಲೆಯ ಮೇಲಿಂದ ಎಳೆದು ಹಾಕುವ ಬನಿಯನ್, ಟಿ ಶರ್ಟ್ ಬದಲು ಮುಂದೆ ಗುಂಡಿ ಇರುವ ಬಟ್ಟೆ ಹಾಕಿ. ಕ್ಯಾಪ್, ಕ್ಲಾಂಪ್ ಮನೆಯಲ್ಲಿ ಮುಟ್ಟಲೇಬೇಡಿ. ಬೇರೆ ಆಸ್ಪತ್ರೆಯಲ್ಲಿ ಯಾರಾದರೂ ಆ ಪೈಪಿನಿಂದಲೇ ರಕ್ತ ತೆಗೆಯಲು, ಡ್ರಿಪ್ ಹಾಕಲು ಹೊರಟರೆ ನಿಲ್ಲಿಸಿ, ನಿಮ್ಮ ನೆಫ್ರಾಲಜಿಸ್ಟ್ ಹತ್ತಿರ ಮಾತಾಡಿಸಿ. ಪೈಪು ಆಕಸ್ಮಿಕವಾಗಿ ಹೊರಗೆ ಬಂದರೆ ಶುಭ್ರ ಬಟ್ಟೆಯಿಂದ ಆ ಜಾಗ ಒತ್ತಿ ಹಿಡಿದು ತಕ್ಷಣ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 3: ಫಿಸ್ಟುಲಾ ಕೈ

ಇಲ್ಲಿ ಕೆಲಸ ಕಡಿಮೆ. ಡಯಾಲಿಸಿಸ್‌ಗೆ ಕೂರುವ ಮುಂಚೆ ಆ ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ತೊಳೆದ ಮೇಲೆ ಎಣ್ಣೆ, ಕ್ರೀಮ್ ಬೇಡ. ಮರಗಟ್ಟಿಸುವ ಕ್ರೀಮ್ ಹಚ್ಚಿದ್ದರೆ ತೊಳೆಯುವಾಗ ಅದೂ ಹೋಗಬೇಕು. ಸೂಜಿ ಚುಚ್ಚಿದಲ್ಲಿ ಕಟ್ಟಿದ ಹಕ್ಕಳೆಯನ್ನು ಕೀಳಬೇಡಿ. ಪ್ರತಿಸಲ ಅದೇ ಜಾಗಕ್ಕೆ ಚುಚ್ಚುತ್ತಿದ್ದರೆ ಜಾಗ ಬದಲಾಯಿಸಲು ಹೇಳಿ. ಕಿಡ್ನಿ ಕಾಯಿಲೆಯ ತುರಿಕೆ ಬಹಳ ಜನರಿಗೆ ನಿದ್ದೆಗೆಡಿಸುತ್ತದೆ. ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ, ಒಣ ಚರ್ಮಕ್ಕೆ ಉಳಿದ ದಿನಗಳಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ. ಕೆರೆದು ಆದ ಗಾಯ ಬ್ಯಾಕ್ಟೀರಿಯಾಗೆ ಬಾಗಿಲು. ಸಕ್ಕರೆ ಕಾಯಿಲೆಯೂ ಇದ್ದರೆ ರಾತ್ರಿ ಮಲಗುವ ಮುಂಚೆ ಪಾದ, ಬೆರಳಿನ ಸಂದಿ ನೋಡಿಕೊಳ್ಳಿ.

ಹೆಜ್ಜೆ 4: ಲಸಿಕೆ ಹಾಕಿಸಿ, ಕೆಲಸ ಮಾಡಿದೆಯಾ ಅಂತಲೂ ನೋಡಿ

ಮೇಲೆ ಟಿ ಸೆಲ್ ಬಗ್ಗೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಪಟೈಟಿಸ್ ಬಿ ಲಸಿಕೆ ಆರೋಗ್ಯವಂತರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನರಿಗೆ ರಕ್ಷಣೆ ಕೊಡುತ್ತದೆ. ಡಯಾಲಿಸಿಸ್‌ನಲ್ಲಿರುವವರಲ್ಲಿ ಅದಕ್ಕಿಂತ ಬಹಳ ಕಡಿಮೆ. ಅದಕ್ಕೇ ಇವರಿಗೆ ಡೋಸ್ ದುಪ್ಪಟ್ಟು. ಬೇರೆಯವರಿಗೆ 20 ಮೈಕ್ರೋಗ್ರಾಂ, ಇವರಿಗೆ 40. ಸಾಮಾನ್ಯವಾಗಿ ನಾಲ್ಕು ಸಲ ಕೊಡುತ್ತಾರೆ: ಮೊದಲ ದಿನ, 1 ತಿಂಗಳಿಗೆ, 2 ತಿಂಗಳಿಗೆ, 6 ತಿಂಗಳಿಗೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಆ್ಯಂಟಿ ಎಚ್‌ಬಿಎಸ್ ಟೈಟರ್ ಪರೀಕ್ಷೆ, ಅಂದರೆ ರಕ್ತದಲ್ಲಿ ಆ್ಯಂಟಿಬಾಡಿ ಎಷ್ಟಿದೆ ಅನ್ನುವ ಪರೀಕ್ಷೆ, ಮಾಡಿಸಿ. 10ಕ್ಕಿಂತ ಕಡಿಮೆ ಬಂದರೆ ಲಸಿಕೆ ಹಿಡಿದಿಲ್ಲ ಅಂತ ಅರ್ಥ, ಇನ್ನೊಂದು ಸುತ್ತು ಹಾಕಿಸಬೇಕು. 10 ದಾಟಿದ್ದರೂ ವರ್ಷಕ್ಕೊಮ್ಮೆ ನೋಡಬೇಕು. ಕೆಳಗಿಳಿದರೆ ಬೂಸ್ಟರ್. ಈ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಡಯಾಲಿಸಿಸ್ ರೂಮಿನಂಥ ಕಡೆ ಇದರ ಮುಂದೆ ಸಲಿಗೆ ಸಲ್ಲ. ಎಚ್‌ಬಿಎಸ್‌ಎಜಿ ಪಾಸಿಟಿವ್, ಅಂದರೆ ರಕ್ತದಲ್ಲಿ ಈ ವೈರಸ್, ಇರುವವರಿಗೆ ಬೇರೆ ಮೆಷಿನ್ ಇಡುವುದು ಇದಕ್ಕೇ.

ಒಂದು ಎಚ್ಚರಿಕೆ. ಲಸಿಕೆ ಹಾಕಿಸಿದ ಮೊದಲ ಎರಡು ಮೂರು ವಾರದಲ್ಲಿ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿದರೆ ಲಸಿಕೆಯಿಂದಲೇ ಪಾಸಿಟಿವ್ ತೋರಿಸಬಹುದು. ರಿಪೋರ್ಟ್ ನೋಡಿ ಮನೆಯವರೆಲ್ಲ ಕಂಗಾಲಾಗುವುದು ಬೇಡ. ಲಸಿಕೆಯ ತಾರೀಕು ಹೇಳಿ, ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸಿ.

ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಮತ್ತು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ. ಮನೆಯಲ್ಲಿ ಜೊತೆಗಿರುವವರೂ ಫ್ಲೂ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು. ಕಿಡ್ನಿ ಕಸಿ ಮಾಡಿಸುವ ಯೋಚನೆ ಇದ್ದರೆ ಮೊದಲೇ ಹೇಳಿ. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿ ಆದ ಮೇಲೆ ಕೊಡುವುದಿಲ್ಲ, ಕನಿಷ್ಠ 4 ವಾರ ಮೊದಲು ಮುಗಿಸಿರಬೇಕು. ಇನ್ನೂ ಡಯಾಲಿಸಿಸ್ ಶುರುವಾಗದ ಕಿಡ್ನಿ ರೋಗಿಗಳು ಈ ಸಾಲುಗಳನ್ನು ಓದುತ್ತಿದ್ದರೆ, ನಿಮಗೆ ಲಸಿಕೆ ಹಿಡಿಯುವ ಸಾಧ್ಯತೆ ಈಗಲೇ ಹೆಚ್ಚು. ಫಿಸ್ಟುಲಾ ಕೈ ಬಿಟ್ಟು ಇನ್ನೊಂದು ಕೈಗೆ ಹಾಕಿಸಿ.

ಹೆಜ್ಜೆ 5: ಜ್ವರ ಬಂದರೆ, ಬಾರದೆಯೂ ಮೈ ಸರಿ ಇಲ್ಲದಿದ್ದರೆ

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಡಯಾಲಿಸಿಸ್‌ನಲ್ಲಿರುವವರ ಮೈ ಬಿಸಿ ಮೊದಲೇ ಸ್ವಲ್ಪ ಕಡಿಮೆ ಇರುತ್ತದೆ. ಹಾಗಾಗಿ ಇವರಿಗೆ 100 ಡಿಗ್ರಿ ಫ್ಯಾರನ್‌ಹೀಟ್ ಅಂದರೇ ಜ್ವರ. "ಬರೀ 100 ತಾನೇ, ನಾಳೆ ನೋಡೋಣ" ಅನ್ನುವ ಮಾತು ಇಲ್ಲಿ ಬೇಡ. ಪೈಪು ಇದ್ದು, ಜ್ವರ ಅಥವಾ ನಡುಕ ಬಂದರೆ, ಬೇರೆ ಕಾರಣ ಸಿಗುವ ತನಕ ಅದು ಪೈಪಿನ ಸೋಂಕು ಅಂತಲೇ ತಿಳಿಯಬೇಕು. ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ಗಡಗಡ ನಡುಕ ಬಂದು, ಮನೆಗೆ ಬಂದ ಮೇಲೆ ಸರಿಹೋಗುವುದುಂಟು. ಎಸಿ ಜಾಸ್ತಿ ಇತ್ತು ಅಂತ ಸುಮ್ಮನಾಗಬೇಡಿ. ಪೈಪಿನೊಳಗೆ ಕೂತಿದ್ದ ಬ್ಯಾಕ್ಟೀರಿಯಾ ರಕ್ತದ ಜೊತೆ ಒಳಗೆ ಹೋದಾಗ ಆಗುವುದು ಹೀಗೇ. ಒಂದೇ ಶಿಫ್ಟಿನಲ್ಲಿ ಎರಡು ಮೂರು ಜನರಿಗೆ ಒಟ್ಟಿಗೇ ನಡುಕ ಬಂದರೆ ಡಯಾಲಿಸಿಸ್‌ಗೆ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ತೊಂದರೆ ಇರಬಹುದು, ಕೂಡಲೇ ಡಾಕ್ಟರಿಗೆ ತಿಳಿಸಬೇಕು.

ಜ್ವರ ಇಲ್ಲದೆಯೂ ಸೋಂಕು ಇರಬಹುದು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಇದ್ದಕ್ಕಿದ್ದಂತೆ ಊಟ ಬೇಡವಾಗುವುದು, ಮಂಕು ಹಿಡಿದಂತಾಗುವುದು, ಮಾತು ತಡವರಿಸುವುದು, ಡಯಾಲಿಸಿಸ್‌ನಲ್ಲಿ ಬಿಪಿ ಪದೇ ಪದೇ ಬೀಳುವುದು, ಪೈಪಿನ ಜಾಗ ಕೆಂಪಾಗಿ ಕೀವು ಬರುವುದು. ಹೊಸದಾಗಿ ಶುರುವಾದ ಬೆನ್ನುನೋವನ್ನೂ ಇದೇ ಪಟ್ಟಿಗೆ ಸೇರಿಸಿ. ರಕ್ತಕ್ಕೆ ಸೇರಿದ ಸ್ಟ್ಯಾಫಿಲೋಕಾಕಸ್ ಬೆನ್ನುಮೂಳೆಗೂ ಹೃದಯದ ಕವಾಟಕ್ಕೂ ಹೋಗಿ ಕೂರುತ್ತದೆ.

ಆಗ ಏನು ಮಾಡಬೇಕು? ಮೊದಲು ಜ್ವರ ಎಷ್ಟಿದೆ ಅಂತ ಟೈಮ್ ಸಮೇತ ಬರೆದಿಟ್ಟುಕೊಳ್ಳಿ, ಆಮೇಲೆ ಪ್ಯಾರಾಸಿಟಮಾಲ್. ಡಯಾಲಿಸಿಸ್ ಸೆಂಟರಿಗೆ ಫೋನ್ ಮಾಡಿ ಅದೇ ದಿನ ಹೋಗಿ. ರಾತ್ರಿಯಾಗಿದ್ದರೆ ಎಮರ್ಜೆನ್ಸಿಗೆ. ಉಸಿರಾಟ ಜೋರಾಗಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಅಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: "ಆ್ಯಂಟಿಬಯೋಟಿಕ್ ಕೊಡೋ ಮುಂಚೆ ಬ್ಲಡ್ ಕಲ್ಚರ್ ತಗೊಂಡ್ರಾ?" ಮೊದಲೇ ಆ್ಯಂಟಿಬಯೋಟಿಕ್ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೇ ಹೋಗಬಹುದು.

ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಬೇಡಿ ಅನ್ನುವುದಕ್ಕೆ ಇದು ಒಂದು ಕಾರಣ. ಇನ್ನೊಂದು, ಡೋಸ್. ಕಿಡ್ನಿ ಹೊರಹಾಕಬೇಕಾದ ಔಷಧಿಗಳು ಇವರ ದೇಹದಲ್ಲಿ ಸೇರುತ್ತಾ ಹೋಗುತ್ತವೆ. ಸೆಫೆಪೈಮ್ ಎಂಬ ಆ್ಯಂಟಿಬಯೋಟಿಕ್ ಮಾಮೂಲಿ ಡೋಸಿನಲ್ಲಿ ಹೋದರೆ ರೋಗಿ ಗೊಂದಲಕ್ಕೆ ಬಿದ್ದು ಫಿಟ್ಸ್ ಬರುವುದೂ ಉಂಟು. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ ಬಾಗಿಲಲ್ಲೇ ಹೇಳಿ: "ನಾನು ಡಯಾಲಿಸಿಸ್ ಪೇಷಂಟ್."

ಜ್ವರ ಬಂದವರಿಗೆ ಎಳನೀರು, ಹಣ್ಣಿನ ಜ್ಯೂಸ್ ಕೊಡುವುದು ನಮ್ಮ ಕಡೆಯ ಪ್ರೀತಿ. ಇವರಿಗೆ ಅದು ವಿಷವಾಗಬಹುದು. ಅದರ ಪೊಟ್ಯಾಷಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ನೋಡಲು ಬಂದ ನೆಂಟರಿಗೂ ಇದನ್ನು ಮೊದಲೇ ಹೇಳಿಬಿಡಿ.

ಜ್ವರ ಇದೆ ಅಂತ ಟೆಕ್ನೀಷಿಯನ್‌ಗೆ ಹೇಳದೆ ಮೆಷಿನ್ ಹತ್ತಬೇಡಿ. ಸೋಂಕು ಜೋರಾಗಿರುವಾಗ ನರಕ್ಕೆ ಕೊಡುವ ಐರನ್ ಇಂಜೆಕ್ಷನ್ ನಿಲ್ಲಿಸುತ್ತಾರೆ, ಏಕೆಂದರೆ ಬ್ಯಾಕ್ಟೀರಿಯಾ ಬೆಳೆಯಲೂ ಕಬ್ಬಿಣ ಬೇಕು. ಮಳೆಗಾಲದಲ್ಲಿ ಡೆಂಗಿ ಅನುಮಾನ ಇದ್ದರೆ ಅದನ್ನೂ ಹೇಳಲೇಬೇಕು. ರಕ್ತ ಹೆಪ್ಪುಗಟ್ಟದಿರಲು ಡಯಾಲಿಸಿಸ್‌ನಲ್ಲಿ ಹೆಪಾರಿನ್ ಕೊಡುತ್ತಾರೆ. ಪ್ಲೇಟ್ಲೆಟ್ ಕಡಿಮೆ ಇರುವಾಗ ಅದು ಅಪಾಯ.

ಹೆಜ್ಜೆ 6: ಟಿಬಿಯನ್ನು ಮರೆಯಬೇಡಿ

ಟಿಬಿ ಬ್ಯಾಕ್ಟೀರಿಯಾವನ್ನು ದೇಹದೊಳಗೆ ಕಟ್ಟಿಹಾಕಿ ಇಡುವುದು ಟಿ ಸೆಲ್‌ಗಳು. ಅವು ದಣಿದಾಗ ವರ್ಷಗಟ್ಟಲೆ ಮಲಗಿದ್ದ ಟಿಬಿ ಏಳುತ್ತದೆ. ಬೇರೆಯವರಿಗೆ ಹೋಲಿಸಿದರೆ ಡಯಾಲಿಸಿಸ್‌ನಲ್ಲಿರುವವರಿಗೆ ಟಿಬಿ ಬರುವ ಸಾಧ್ಯತೆ ಎಷ್ಟೋ ಪಟ್ಟು ಜಾಸ್ತಿ. ನಮ್ಮ ದೇಶದಲ್ಲಂತೂ ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಇರಬೇಕು.

ಇವರಲ್ಲಿ ಕೆಮ್ಮೇ ಇಲ್ಲದೆ ಟಿಬಿ ಬರುವುದುಂಟು. ಕತ್ತಿನಲ್ಲಿ ಗಂಟು, ಹೊಟ್ಟೆಯಲ್ಲೋ ಎದೆಯಲ್ಲೋ ನೀರು, ಸಂಜೆ ಹೊತ್ತಿಗೆ ಸಣ್ಣ ಜ್ವರ, ಮೈ ಇಳಿಯುವುದು. ಮೈ ಇಳಿದದ್ದು ಇಲ್ಲಿ ಗೊತ್ತಾಗುವುದು ಕಷ್ಟ. ಮಾಂಸ ಕರಗಿದ ಜಾಗದಲ್ಲಿ ನೀರು ತುಂಬಿಕೊಂಡು ತೂಕ ಅಷ್ಟೇ ಇರುತ್ತದೆ. ಬಟ್ಟೆ ಸಡಿಲವಾಗಿದೆ, ಕೆನ್ನೆ ಒಳಗೆ ಹೋಗಿದೆ, ಆದರೆ ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ಬದಲಾಗಿಲ್ಲ ಅಂದರೆ ಡಾಕ್ಟರಿಗೆ ಹೇಳಿ. ಟಿಬಿಗಾಗಿ ಚರ್ಮಕ್ಕೆ ಚುಚ್ಚಿ ನೋಡುವ ಮ್ಯಾಂಟೂ ಪರೀಕ್ಷೆ ನೆಗೆಟಿವ್ ಬಂತು ಅಂತ ನಿರಾಳವಾಗಬೇಡಿ. ಆ ಪರೀಕ್ಷೆಯಲ್ಲಿ ಚರ್ಮ ಊದಿಕೊಳ್ಳಬೇಕಾದರೆ ಟಿ ಸೆಲ್ ಕೆಲಸ ಮಾಡಬೇಕಲ್ವಾ? ಟಿಬಿ ಪರೀಕ್ಷೆ, ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕೆಲವು ಟಿಬಿ ಮಾತ್ರೆಗಳನ್ನು ಇವರು ದಿನಾ ಅಲ್ಲ, ಡಯಾಲಿಸಿಸ್ ಆದ ಮೇಲೆ ವಾರಕ್ಕೆ ಮೂರು ಸಲ ತೆಗೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಟಿಬಿ ವಿಭಾಗದವರೂ ನೆಫ್ರಾಲಜಿಸ್ಟೂ ಮಾತಾಡಿಕೊಳ್ಳುವಂತೆ ನೋಡಿಕೊಳ್ಳಿ.

ಹೆಜ್ಜೆ 7: ಊಟ, ಮತ್ತು "ಇಮ್ಯುನಿಟಿ" ಹೆಸರಿನ ಔಷಧಿಗಳು

ಡಯಾಲಿಸಿಸ್ ಶುರುವಾಗುವ ಮೊದಲು ಪ್ರೋಟೀನ್ ಕಡಿಮೆ ತಿನ್ನಿ ಅಂದಿರುತ್ತಾರೆ. ಶುರುವಾದ ಮೇಲೂ ಅದೇ ಪಥ್ಯ ಮುಂದುವರಿಸುವ ಮನೆಗಳು ಎಷ್ಟೋ. ಇದು ತಪ್ಪು. ಪ್ರತಿ ಡಯಾಲಿಸಿಸ್‌ನಲ್ಲೂ ಅಮೈನೋ ಆಮ್ಲಗಳು ಹೊರಗೆ ಹೋಗುತ್ತವೆ. ಈಗ ಬೇಕಾದದ್ದು ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್. 60 ಕೆಜಿ ಇರುವವರಿಗೆ 60ರಿಂದ 72 ಗ್ರಾಂ. ಮೊಟ್ಟೆಯ ಬಿಳಿಭಾಗ ಒಂದರಲ್ಲಿ ಸುಮಾರು 3.5 ಗ್ರಾಂ ಸಿಗುತ್ತದೆ, ಫಾಸ್ಫರಸ್ ಕಾಟವೂ ಕಡಿಮೆ. ಮೀನು, ಕೋಳಿ ತಿನ್ನುವವರಿಗೆ ಸುಲಭ. ತಿನ್ನದವರು ಹೆಸರುಬೇಳೆ, ಪನೀರ್, ಸೋಯಾ, ಮೊಸರನ್ನು ಎಷ್ಟೆಷ್ಟು ತಿನ್ನಬಹುದು ಅಂತ ಡಯಟೀಷಿಯನ್ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ. ರಿಪೋರ್ಟಿನಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಗಮನಿಸಿ. ಅದು ಇಳಿಯುತ್ತಾ ಹೋದರೆ ಸೋಂಕಿನ ಅಪಾಯ ಏರುತ್ತಾ ಹೋಗುತ್ತದೆ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಬರುವ ಪುಡಿ, ಕಷಾಯ, ಜ್ಯೂಸ್‌ಗಳನ್ನು ದೂರ ಇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣು, ವಿಟಮಿನ್ ಸಿ ಇದೆ ಅಂತ ಯಾರಾದರೂ ಕೊಟ್ಟರೆ ಬಾಯಿಗೇ ಹಾಕಬೇಡಿ. ಅದರಲ್ಲಿರುವ ವಿಷ ಆರೋಗ್ಯವಂತರಿಗೆ ಕಿಡ್ನಿಯ ಮೂಲಕ ಹೋಗಿಬಿಡುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ನಿಲ್ಲದ ಬಿಕ್ಕಳಿಕೆ ಶುರುವಾಗಿ, ಗೊಂದಲ, ಫಿಟ್ಸ್, ಸಾವಿನ ತನಕ ಹೋದ ಉದಾಹರಣೆಗಳಿವೆ. ನಿಜವಾಗಿ ಬಿಳಿ ರಕ್ತಕಣಗಳಿಗೆ ಸಹಾಯ ಆಗುವುದು ಡಯಾಲಿಸಿಸ್ ತಪ್ಪಿಸದೆ ಪೂರ್ತಿ 4 ಗಂಟೆ ಮಾಡಿಸಿಕೊಳ್ಳುವುದರಿಂದ, ಪ್ರೋಟೀನಿನಿಂದ, ಸಕ್ಕರೆ ಹತೋಟಿಯಿಂದ. ವಿಟಮಿನ್ ಡಿ ಬೇಕೋ ಬೇಡವೋ ಡಾಕ್ಟರೇ ಹೇಳಲಿ.

ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ

ನಿಮ್ಮ ಭಯ ಪೆರಿಟೋನೈಟಿಸ್, ಅಂದರೆ ಹೊಟ್ಟೆಯೊಳಗಿನ ಪೊರೆಯ ಸೋಂಕು. ಬ್ಯಾಗ್ ಬದಲಾಯಿಸುವಾಗ ಫ್ಯಾನ್ ಆಫ್, ಕಿಟಕಿ ಬಾಗಿಲು ಬಂದ್, ಮಾಸ್ಕ್, ಕೈ ತೊಳೆದು ಒಣಗಿಸಿ ಆಮೇಲೆ ಜೋಡಣೆ. ಪೈಪು ಹೊರಬರುವ ಜಾಗಕ್ಕೆ ಹೇಳಿದ ಆ್ಯಂಟಿಬಯೋಟಿಕ್ ಮುಲಾಮನ್ನು ದಿನಾ ಹಚ್ಚಿ. ಹೊರಬಂದ ನೀರಿನ ಬ್ಯಾಗಿನ ಹಿಂದೆ ಅಕ್ಷರ ಇರುವ ಕಾಗದ ಹಿಡಿದು ನೋಡಿ. ಅಕ್ಷರ ಮಸುಕಾಗಿ ಕಂಡರೆ ನೀರು ಕದಡಿದೆ. ಹೊಟ್ಟೆನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಆ ಬ್ಯಾಗನ್ನು ಚೆಲ್ಲಬೇಡಿ, ಜೊತೆಗೆ ಒಯ್ಯಿರಿ. ಕಣಗಳ ಎಣಿಕೆಗೂ ಕಲ್ಚರ್‌ಗೂ ಅದೇ ಬೇಕು.

ಫೈಲಿನ ಮೊದಲ ಪುಟ

ಡಯಾಲಿಸಿಸ್ ಫೈಲಿನ ಮೊದಲ ಪುಟದಲ್ಲಿ ಒಂದು ಕಾಗದ ಅಂಟಿಸಿ. ಪೈಪು ಹಾಕಿದ ತಾರೀಕು ಅಥವಾ ಫಿಸ್ಟುಲಾ ಇರುವ ಕೈ. ಡ್ರೈ ವೇಟ್. ಹೆಪಟೈಟಿಸ್ ಬಿ ಲಸಿಕೆಯ ನಾಲ್ಕು ತಾರೀಕು, ಕೊನೆಯ ಟೈಟರ್. ನ್ಯುಮೊಕಾಕಲ್, ಫ್ಲೂ ಲಸಿಕೆಯ ತಾರೀಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆಯ ಕೊನೆಯ ರಿಪೋರ್ಟ್. ಯಾವ ಔಷಧಿಗೆ ಅಲರ್ಜಿ. ಹಿಂದೆ ಸೋಂಕು ಬಂದಿದ್ದರೆ ಯಾವ ಬ್ಯಾಕ್ಟೀರಿಯಾ, ಯಾವ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ನೆಫ್ರಾಲಜಿಸ್ಟ್ ಮತ್ತು ಸೆಂಟರಿನ ಫೋನ್ ನಂಬರ್. ಇದರ ಫೋಟೋ ರೋಗಿಯ ಫೋನಿನಲ್ಲೂ ಮನೆಯ ಇನ್ನಿಬ್ಬರ ಫೋನಿನಲ್ಲೂ ಇರಲಿ. ಮಧ್ಯರಾತ್ರಿ ಬೇರೆ ಊರಿನ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಇದನ್ನೇ.